ಬೀಡಿನ ವಂಶಾವಳಿ, ಬಸದಿಯ ಶಿಲಾಲೇಖ
(ತುಳುನಾಡಿನ ಜೈನ ಮನೆತನಗಳ ಇತಿಹಾಸಕ್ಕೆ ಕೆಲವು ಆಕರಗಳು)

ತುಳುನಾಡಿನ ಜೈನರ ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾರ್ಕಳದ ಗೊಮ್ಮಟ, ವೇಣೂರಿನ ಗೊಮ್ಮಟ, ಮೂಡಬಿದಿರೆಯ ಸಾವಿರ ಕಂಬದ ಬಸದಿ ಮತ್ತು ಸಿದ್ಧಾಂತ ಗ್ರಂಥಗಳು. ಇವುಗಳ ವಿಷಯವಾಗಿ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಈ ಮಹಾಕೃತಿಗಳನ್ನು ಬಿಟ್ಟು ಒಳನಾಡಿನ ಗ್ರಾಮವೊಂದಕ್ಕೆ ಹೋದರೆ ಅಲ್ಲಿ ಕಾಣುವುದು ಒಂದು ಚಿಕ್ಕ ಬಸದಿ, ಅದರ ಸನಿಹದಲ್ಲೊಂದು ಬೀಡು, ಬೀಡಿನೆದುರಿಗೆ ಬಯಲುಗದ್ದೆ, ಒಂದು ಮಗ್ಗುಲಲ್ಲಿ ದೈವದ ಗುಡಿ. ಆ ಬಸದಿಯನ್ನು ಕಟ್ಟಿಸಿದವರಾರು, ನಂದಾದೀಪಕ್ಕೆ ಎಣ್ಣೆ ಕೊಟ್ಟವರಾರು, ಅವರಿಗೂ ಇಂದು ಬೀಡಿನಲ್ಲಿರುವವರಿಗೂ ಇರುವ ರಕ್ತಸಂಬಂಧವೇನು ಎಂಬ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ದೊರೆಯದು. ದೊರೆಗಳ ಚರಿತ್ರೆ ಬರೆಯಲ್ಪಟ್ಟಿದೆ. ಮನೆತನಗಳ ಚರಿತ್ರೆ ಬರೆಯಲ್ಪಟ್ಟಿಲ್ಲ. ಪ್ರತಿಷ್ಠಾ ಮಹೋತ್ಸವದ ನಿಮಿತ್ತವಾಗಿ ಊರೂರುಗಳಿಂದ ಕುಟುಂಬಸ್ಥರು ಒಂದೆಡೆ ಕೂಡುವ ಈ ಸಂದರ್ಭದಲ್ಲಿ ಆ ಚರಿತ್ರೆಗೆ ಒದಗುವ ಸಾಮಗ್ರಿ ಎಲ್ಲಿದೆ, ಅದರಲ್ಲಿ ಯಾವುದು ಅಳಿಯುತ್ತಿದೆ ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರುತ್ತದೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಈ ನಾಡಿನ ಒಂದೊಂದು ಬಸದಿಯ ಚರಿತ್ರೆಯಲ್ಲಿಯೂ ಮೂರು ಬಗೆಯ ಪರಂಪರೆಗಳು ಹೆಣೆದುಕೊಂಡಿವೆ. ಪೂಜೆ ಮಾಡುವ ಇಂದ್ರರದು ಮಕ್ಕಳಸಂತಾನ. ಅಲ್ಲಿ ತಂದೆಯಿಂದ ಮಗನಿಗೆ ಹಕ್ಕು ಇಳಿಯುತ್ತದೆ. ಧರ್ಮೋಪದೇಶ ಮಾಡುವ ಭಟ್ಟಾರಕರದು ಶಿಷ್ಯಪರಂಪರೆ. ಅಲ್ಲಿ ರಕ್ತಸಂಬಂಧದ ಮಾತೇ ಇಲ್ಲ. ಬಸದಿಯನ್ನು ಕಟ್ಟಿಸಿ ಉಂಬಳಿ ಬಿಟ್ಟ ಬೀಡಿನವರದಾದರೋ ಬಹುಮಟ್ಟಿಗೆ ಅಳಿಯಸಂತಾನ. ಸೋದರಮಾವನಿಂದ ಸೋದರಳಿಯನಿಗೆ, ವಾಸ್ತವವಾಗಿ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಾಗಿಬಂದ ಎಳೆ ಅದು. ಘಟ್ಟದ ಮೇಲಿನ ವಂಶಾವಳಿಗಳನ್ನು ಓದಿ ರೂಢಿಯಾದವರು ಇಲ್ಲಿಯೂ ತಂದೆ, ಮಗ, ಮೊಮ್ಮಗ ಎಂದು ಹುಡುಕಹೊರಟರೆ ಎರಡನೆಯ ತಲೆಮಾರಿನಲ್ಲಿಯೇ ದಾರಿ ತಪ್ಪುತ್ತಾರೆ.

ವೇಣೂರಿನ ಶಾಸನವನ್ನೇ ನೋಡೋಣ. ಶಕವರ್ಷ 1525ನೆಯ ಶೋಭಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದಶಮಿಯಂದು, ಎಂದರೆ ಕ್ರಿ.ಶ. 1604ರಲ್ಲಿ, ಬೆಳ್ಗೊಳದ ಚಾರುಕೀರ್ತಿ ಮುನಿಗಳ ಉಪದೇಶದಿಂದ ತಿಮ್ಮರಾಜನು ಸುಮಾರು 35 ಅಡಿ ಎತ್ತರದ ಭುಜಬಲಿಯನ್ನು ಪ್ರತಿಷ್ಠಾಪಿಸಿದನು. ಈತನು ಅಜಿಲ ಮನೆತನದವನೆಂಬುದು ಸುವಿದಿತವೇ ಇದೆ. ವಿಗ್ರಹದ ಇಕ್ಕೆಲಗಳಲ್ಲಿ ಸಂಸ್ಕೃತದಲ್ಲಿ ಒಂದು, ಕನ್ನಡದಲ್ಲಿ ಒಂದು ಶಾಸನವಿದೆ. ಅದರಲ್ಲಿ ಆತನು ತನ್ನನ್ನು ಪರಿಚಯಿಸಿಕೊಳ್ಳುವ ರೀತಿ ಗಮನಾರ್ಹವಾಗಿದೆ. ತಾನು ಚಾಮುಂಡರಾಯನ ವಂಶದವನು, ರಾಯಕುವರನ ಅಳಿಯ, ಪಾಂಡ್ಯಕದೇವಿಯ ಮಗ, ಪಾಂಡ್ಯನ ತಮ್ಮ ಎಂಬುದಿಷ್ಟೇ ಅಲ್ಲಿರುವ ವಿವರ. ಸೋದರಮಾವನ ಹೆಸರಿದೆ, ತಾಯಿಯ ಹೆಸರಿದೆ, ಅಣ್ಣನ ಹೆಸರಿದೆ. ತಂದೆಯ ಹೆಸರು ಬೇಕೆನಿಸಿಲ್ಲ. ಅಷ್ಟು ಎತ್ತರದ ಮೂರ್ತಿಯನ್ನು ನಿಲ್ಲಿಸುವ ಅರಸನಿಗೆ ತಂದೆಯ ಹೆಸರು ತಿಳಿದಿರಲಿಲ್ಲವೆಂದು ಯಾರೂ ಭಾವಿಸಲಾರರು. ಪಟ್ಟದ ಅಧಿಕಾರ ಬಂದದ್ದು ಆ ಹಾದಿಯಿಂದಲ್ಲ, ಆದುದರಿಂದ ಅದನ್ನು ಹೇಳಬೇಕಾಗಿರಲಿಲ್ಲ.

ಇಲ್ಲಿ ‘ಅಳಿಯ’ ಎಂಬ ಶಬ್ದವೇ ಒಂದು ತೊಡಕು. ನಮ್ಮ ಭಾಷೆಯಲ್ಲಿ ಸೋದರಿಯ ಮಗನೂ ಅಳಿಯನೇ, ಮಗಳ ಗಂಡನೂ ಅಳಿಯನೇ. ಸೋದರಮಾವನ ಮಗಳನ್ನು ಮದುವೆಯಾಗುವ ಪದ್ಧತಿಯಿರುವಲ್ಲಿ ಒಬ್ಬನೇ ವ್ಯಕ್ತಿ ಎರಡು ಅರ್ಥದಲ್ಲಿಯೂ ಅಳಿಯನಾಗಬಲ್ಲನು. ಶಾಸನಗಳನ್ನು ಪರಭಾಷೆಗೆ ತಿರುಗಿಸುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗುತ್ತದೆ. ಆರಿಸಿದೊಡನೆ ವಂಶವೃಕ್ಷದ ಒಂದು ಕೊಂಬೆ ಅತ್ತಲೋ ಇತ್ತಲೋ ಬಾಗುತ್ತದೆ. ಆದಕಾರಣ ಅನುವಾದವನ್ನು ನೆಚ್ಚದೆ ಮೂಲವನ್ನೇ ನೋಡಬೇಕು.

ಕಾರ್ಕಳದ ಎರಡು ಶಾಸನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಇನ್ನೂ ಸ್ವಾರಸ್ಯಕರವಾದ ಸಂಗತಿಯೊಂದು ಹೊರಬೀಳುತ್ತದೆ. ಶಕವರ್ಷ 1353ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು, ಕ್ರಿ.ಶ. 1432ರಲ್ಲಿ, ಲಲಿತಕೀರ್ತಿ ಮುನೀಂದ್ರರ ಉಪದೇಶದಿಂದ ಗೊಮ್ಮಟೇಶ್ವರನನ್ನು ನಿಲ್ಲಿಸಿದ ವೀರಪಾಂಡ್ಯನು ತನ್ನನ್ನು ಸೋಮವಂಶದ ಭೈರವೇಂದ್ರನ ಪುತ್ರನೆಂದು ಕರೆದುಕೊಂಡಿದ್ದಾನೆ. ಇಲ್ಲಿರುವುದು ತಂದೆಯ ಹೆಸರು. ಅಲ್ಲಿಂದ 154 ವರ್ಷಗಳ ತರುವಾಯ, ಶಕವರ್ಷ 1508, ಕ್ರಿ.ಶ. 1586ರಲ್ಲಿ, ಅದೇ ಊರಿನಲ್ಲಿ ‘ತ್ರಿಭುವನತಿಲಕ’ವೆಂಬ ಚತುರ್ಮುಖ ಬಸದಿಯನ್ನು ಕಟ್ಟಿಸಿ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರನ್ನು ನಾಲ್ಕು ದಿಕ್ಕುಗಳಲ್ಲಿಯೂ ಪ್ರತಿಷ್ಠಿಸಿದ ಇಮ್ಮಡಿ ಭೈರವನು ಭೈರವರಸನ ಸೋದರಳಿಯನು, ಭೈರವರಸನ ಸೋದರಿ ಗುಮ್ಮಟಾಂಬೆಯ ಮಗನು. ತಂದೆಯಾದ ವೀರನರಸಿಂಹ ವಂಗನರೇಂದ್ರನ ಹೆಸರೂ ಅಲ್ಲಿದೆ, ಆದರೆ ಆತನು ಬೇರೊಂದು ಮನೆತನದವನು. ‘ವಂಗ’ ಎಂಬುದು ಬಂಗ ಎಂಬುದರ ಸಂಸ್ಕೃತೀಕೃತ ರೂಪ. ಹೀಗೆ ಒಂದೇ ವಾಕ್ಯದಲ್ಲಿ ಕಾರ್ಕಳದ ಭೈರರಸರಿಗೂ ಬಂಗರಿಗೂ ನಡೆದ ವಿವಾಹಸಂಬಂಧ ತಿಳಿದುಬರುವುದಲ್ಲದೆ, ಆ ವಿವಾಹದಲ್ಲಿ ಹುಟ್ಟಿದ ಮಗನು ತಂದೆಯ ಪಟ್ಟಕ್ಕಲ್ಲ, ಮಾವನ ಪಟ್ಟಕ್ಕೆ ಬಂದನೆಂಬುದೂ ಸ್ಪಷ್ಟವಾಗುತ್ತದೆ.

ಭೈರರಸರು ತಮ್ಮನ್ನು ಹೊಂಬುಜದ ಜಿನದತ್ತರಾಯನ ವಂಶದವರೆಂದು ಹೇಳಿಕೊಂಡವರು. ಹೊಂಬುಜದಲ್ಲಿ ಆಳಿದ ಸಾಂತರರಲ್ಲಿ ತಂದೆಯಿಂದ ಮಗನಿಗೆ ಪಟ್ಟ ಇಳಿಯುತ್ತಿದ್ದಿತು. ಅಲ್ಲಿ 1077ರಲ್ಲಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿಯು ತನ್ನ ತಂಗಿಯ ಮಕ್ಕಳನ್ನು ತನ್ನ ಮಕ್ಕಳೆಂದೇ ಸಾಕಿದ ಮಹಾತಾಯಿ. ಆದರೆ ಆ ಮಕ್ಕಳು ಪಟ್ಟಕ್ಕೆ ಬಂದದ್ದು ತಂದೆಯ ಕಡೆಯ ಹಕ್ಕಿನಿಂದ. ಕಳಸದಲ್ಲಿಯೂ ಘಟ್ಟವಿಳಿದು ಕಾರ್ಕಳದಲ್ಲಿಯೂ ನೆಲೆಗೊಂಡ ಮೇಲೆ ಅದೇ ವಂಶ ತುಳುನಾಡಿನ ಕಟ್ಟನ್ನು ಅಂಗೀಕರಿಸಿತು. 1432ರ ಪುತ್ರನಿಗೂ 1586ರ ಸೋದರಳಿಯನಿಗೂ ನಡುವೆ ಎಲ್ಲಿಯೋ ಒಂದು ಕಡೆ ಈ ಬದಲಾವಣೆ ನಡೆದಿರಬೇಕು. ಭೂತಾಳಪಾಂಡ್ಯನು ಕ್ರಿಸ್ತಶಕದ ಒಂದನೆಯ ಶತಮಾನದಲ್ಲಿಯೇ ಅಳಿಯಕಟ್ಟನ್ನು ವಿಧಿಸಿದನೆಂಬ ಕಥೆಯನ್ನು ನಮ್ಮ ಹಿರಿಯರು ಭಕ್ತಿಯಿಂದ ಹೇಳುತ್ತಿದ್ದರು. ‘ಅಳಿಯಸಂತಾನ ಕಟ್ಟುಕಟ್ಟಳೆ’ಯ ಆ ಕಾಲನಿರ್ಣಯವನ್ನು ಇತಿಹಾಸಜ್ಞರು ಒಪ್ಪುವುದಿಲ್ಲ. ಕಥೆಯನ್ನು ಕಥೆಯೆಂದೇ ಉಳಿಸಿಕೊಳ್ಳೋಣ. ವಂಶಾವಳಿಯ ಬುಡಕ್ಕೆ ಅದನ್ನು ಇಡುವುದು ಬೇಡ.

ಎರಡನೆಯ ತೊಡಕು ಪಟ್ಟದ ಹೆಸರುಗಳದು. ಪಟ್ಟವೇರಿದ ಕ್ಷಣದಲ್ಲಿ ಹುಟ್ಟುಹೆಸರು ಮರೆಯಾಗಿ ಮನೆತನಕ್ಕೆ ಸಲ್ಲುವ ಪಟ್ಟದ ಹೆಸರು ಬರುತ್ತಿದ್ದಿತು. ಒಬ್ಬ ಭೈರವನ ಬಳಿಕ ಇನ್ನೊಬ್ಬ ಭೈರವ, ಒಬ್ಬ ತಿಮ್ಮಣ್ಣನ ಬಳಿಕ ಇನ್ನೊಬ್ಬ ತಿಮ್ಮಣ್ಣ. ಮಠಗಳಲ್ಲಿಯೂ ಹೀಗೆಯೇ: ಮೂಡಬಿದಿರೆಯಲ್ಲಿ ಚಾರುಕೀರ್ತಿಗಳು, ಕಾರ್ಕಳದಲ್ಲಿ ಲಲಿತಕೀರ್ತಿಗಳು ಶತಮಾನಗಳುದ್ದಕ್ಕೂ ಅದೇ ನಾಮದಿಂದ ಪೀಠವನ್ನು ಅಲಂಕರಿಸಿದ್ದಾರೆ. ತೇದಿಯಿಲ್ಲದ ದಾಖಲೆಯಲ್ಲಿ ಬರುವ ಪಟ್ಟದ ಹೆಸರಿನಿಂದ ಕಾಲನಿರ್ಣಯ ಮಾಡಹೊರಡುವುದು ಮರಳಿನ ಮೇಲೆ ಮನೆ ಕಟ್ಟಿದಂತೆ. ಉಳ್ಳಾಲದ ಅಬ್ಬಕ್ಕ ಎಷ್ಟು ಮಂದಿ ಎಂಬ ವಾದವೂ ಇದರ ಫಲವೇ. 1623ರಲ್ಲಿ ಈ ಕರಾವಳಿಗೆ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆಯು ಉಳ್ಳಾಲದ ರಾಣಿಯನ್ನು ಕಂಡು ಮಾತನಾಡಿದನು. ಆಕೆ ಕಾಲ್ನಡಿಗೆಯಲ್ಲಿ ಬಂದು ತೋಡಿನ ಕೆಲಸವನ್ನು ನೋಡಿಕೊಳ್ಳುತ್ತಿದ್ದುದನ್ನು ಆತನು ಬೆರಗಿನಿಂದ ವರ್ಣಿಸಿದ್ದಾನೆ. ಆಕೆಯ ಹೆಸರಿನ ಜೊತೆಗೆ ಚೌಟ ಎಂಬ ಮನೆತನದ ಹೆಸರನ್ನೂ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ. ಗಂಡನ ಮನೆತನದ ಹೆಸರಲ್ಲ, ಆಕೆಯದೇ ಮನೆತನದ ಹೆಸರು; ಗಂಡನು ಬಂಗರವನು.

ಅರಸುಮನೆತನಗಳ ಮಾತು ಇಷ್ಟು ಸಾಕು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಕರಾವಳಿಗೆ ಇಳಿದ ಮೇಲೆ ಈ ಅರಸರ ಆಳಿಕೆ ಕುಗ್ಗಿತು. 1799ರಲ್ಲಿ ಕಂಪೆನಿ ಸರಕಾರ ಬಂದ ಮೇಲೆ ಅವರಿಗೆ ಉಳಿದುದು ಅಲ್ಪ ವರ್ಷಾಶನ ಮತ್ತು ಅರಮನೆಯೆಂಬ ಹೆಸರು. ಸಾಮಾನ್ಯ ಬೀಡುಗಳಿಗೆ ಶಿಲಾಶಾಸನವೂ ಇಲ್ಲ, ಪರದೇಶದ ಯಾತ್ರಿಕನ ಸಾಕ್ಷಿಯೂ ಇಲ್ಲ. ಅವುಗಳ ವಂಶಚರಿತ್ರೆಯನ್ನು ಮನೆಯೊಳಗಿನ ಕಾಗದಪತ್ರಗಳಿಂದಲೇ ಕಟ್ಟಬೇಕು.

ಆ ಕಾಗದಪತ್ರಗಳೆಂದರೆ ಯಾವುವು? ಹಳೆಯವು ಓಲೆಗರಿಗಳು ಮತ್ತು ಕಡತಗಳು. ಹುಣಿಸೆಬೀಜದ ಸರಿಗೆ ಇದ್ದಿಲಪುಡಿ ಕೂಡಿಸಿ ಬಟ್ಟೆಗೆ ಹಚ್ಚಿ, ಮಡಿಕೆ ಮಡಿಕೆಯಾಗಿ ಒಣಗಿಸಿ, ಬಳಪದಿಂದ ಬರೆಯುತ್ತಿದ್ದ ಕಡತವನ್ನು ಇಂದಿನ ತರುಣರು ನೋಡಿರಲಾರರು. ಬಳಪದ ಬರಹವಾದುದರಿಂದ ಕೈ ತಾಗಿದರೆ ಅಳಿಸಿಹೋಗುವಂತಹುದು. ಅವುಗಳಲ್ಲಿ ವ್ರತಕಥೆ, ನೋಂಪಿಯ ವಿಧಿ, ಮದ್ದಿನ ಪಟ್ಟಿಗಳ ನಡುವೆ ಒಮ್ಮೊಮ್ಮೆ ಜನನ ಮರಣದ ತಿಥಿಗಳೂ, ಮದುವೆಯ ಉಡುಗೊರೆಯ ಲೆಕ್ಕವೂ ಸಿಕ್ಕುತ್ತವೆ. ಇವಲ್ಲದೆ ಗೇಣಿಯ ಪುಸ್ತಕಗಳಿವೆ. ಯಾವ ಮೂಲಗೇಣಿ ಒಕ್ಕಲು ವರ್ಷಕ್ಕೆ ಎಷ್ಟು ಮುಡಿ ಅಕ್ಕಿ ಅಳೆಯಬೇಕು, ಚಾಲಗೇಣಿ ಒಕ್ಕಲು ಎಷ್ಟು, ಬಸದಿಯ ನಿತ್ಯಪೂಜೆಗೆ ಯಾವ ಗದ್ದೆಯಿಂದ, ಅಷ್ಟಾಹ್ನಿಕಕ್ಕೆ ಯಾವ ಗದ್ದೆಯಿಂದ, ಇಂದ್ರರಿಗೆ ಎಷ್ಟು, ದೈವದ ನೇಮಕ್ಕೆ ಎಷ್ಟು ಎಂಬ ವಿವರಗಳೆಲ್ಲ ಅದರಲ್ಲಿ ಬರುತ್ತವೆ. ವರ್ಗದಾರರ ಹೆಸರು ಬದಲಾದ ವರ್ಷವನ್ನು ಗುರುತಿಸಿದರೆ ಬೀಡಿನ ಯಜಮಾನಿಕೆ ಯಾರಿಂದ ಯಾರಿಗೆ ಬಂತೆಂಬುದು ತಾನಾಗಿ ತಿಳಿಯುತ್ತದೆ. ಒಣ ಲೆಕ್ಕವೆಂದು ತಳ್ಳಿಹಾಕುವ ಈ ಪುಸ್ತಕಗಳಷ್ಟು ನಂಬಲರ್ಹವಾದ ಸಾಕ್ಷಿ ಬೇರೊಂದಿಲ್ಲ. ಹೊಗಳಿಕೆಗಾಗಿ ಯಾರೂ ಗೇಣಿಯ ಲೆಕ್ಕ ಬರೆಯುವುದಿಲ್ಲವಷ್ಟೆ!

ಗ್ರಂಥದ ಕೊನೆಯಲ್ಲಿ ಬರುವ ಪುಷ್ಪಿಕೆಗಳನ್ನೂ ಮರೆಯುವಂತಿಲ್ಲ. ಮೂಡಬಿದಿರೆಯ ಮಹಾಧವಲದ ಪ್ರತಿಯನ್ನು ಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳೆಂಬುದು ಅದರ ಪ್ರಶಸ್ತಿಯಿಂದಲೇ ತಿಳಿದ ವಿಷಯ. ಶಾಸ್ತ್ರದಾನದ ಪುಣ್ಯವನ್ನು ಸಂಪಾದಿಸಿದ ಅನೇಕ ಸ್ತ್ರೀಯರ ಹೆಸರುಗಳು ಹೀಗೆ ಓಲೆಯ ತುದಿಯಲ್ಲಿ ಉಳಿದಿವೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮುಂತಾದ ಭಂಡಾರಗಳ ಓಲೆಗರಿಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಯಿತು. ಆ ಮಹನೀಯರ ಪರಿಶ್ರಮಕ್ಕೆ ನಮ್ಮ ಸಮಾಜ ಚಿರಋಣಿ. ಆದರೆ ಆ ಸೂಚಿ ಮಠ ಮತ್ತು ಬಸದಿಗಳ ಭಂಡಾರಗಳಿಗೆ ಸಂಬಂಧಿಸಿದುದು. ಬೀಡುಗಳ ಅಟ್ಟದ ಮೇಲಿನ ಪೆಟ್ಟಿಗೆಗಳಿಗೆ ಸೂಚಿ ಬರೆದವರಿಲ್ಲ.

ಇನ್ನೊಂದು ಆಕರವು ನ್ಯಾಯಾಲಯಗಳಿಂದಲೂ ನೋಂದಣಿ ಕಛೇರಿಗಳಿಂದಲೂ ದೊರೆಯುತ್ತದೆ. ಇದರ ಬೆಲೆಯನ್ನು ನಮ್ಮವರು ಇನ್ನೂ ಅರಿತಿಲ್ಲವೆಂದೇ ನನ್ನ ಅಭಿಪ್ರಾಯ. ಹಿಂದಿನ ಕಟ್ಟಿನಲ್ಲಿ ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಡೆಂದು ಒಬ್ಬ ಸದಸ್ಯನು ಬಲಾತ್ಕರಿಸುವಂತಿರಲಿಲ್ಲ. ಮದ್ರಾಸಿನ ಹೈಕೋರ್ಟು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಹಾಗೆ ತೀರ್ಮಾನಿಸಿತ್ತು. ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿದ್ದಾಗಲೇ ಬಂದ 1949ರ ಮದ್ರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಕವರು ಎಂದರೆ ಒಬ್ಬ ಸ್ತ್ರೀ ಮತ್ತು ಆಕೆಯ ಸ್ತ್ರೀಸಂತತಿಯ ಮೂಲಕ ಬಂದ ಶಾಖೆ. ಪಾಲು ಕೇಳಬೇಕಾದರೆ ಕವರುಗಳು ಎಷ್ಟೆಂದು ತೋರಿಸಬೇಕು. ಅದನ್ನು ತೋರಿಸಬೇಕಾದರೆ ಮೂಲಸ್ತ್ರೀಯಿಂದ ಮೊದಲ್ಗೊಂಡು ಜೀವಂತರಾಗಿರುವ ಕೂಸಿನವರೆಗೆ ವಂಶವೃಕ್ಷವನ್ನು ಬರೆದು ದಾವೆಯ ಜೊತೆಗೆ ಇಡಬೇಕು. ಎದುರುಪಕ್ಷದವರು ಪ್ರತಿಯೊಂದು ಹೆಸರನ್ನೂ ಪರೀಕ್ಷಿಸಿಯೇ ಒಪ್ಪುವರು. ಹೀಗಾಗಿ ಭಾಗದ ದಾವೆಗಳಲ್ಲಿಯೂ, ನೋಂದಣಿಯಾದ ವಿಭಾಗಪತ್ರಗಳಲ್ಲಿಯೂ ನಮ್ಮ ಅನೇಕ ಮನೆತನಗಳ ನಾಲ್ಕೈದು ತಲೆಮಾರುಗಳ ಪೂರ್ಣ ವಂಶಾವಳಿ ಅಡಗಿದೆ. ಜಗಳದಿಂದ ಮನೆ ಒಡೆಯಿತೆಂದು ವ್ಯಥೆಪಡುವ ಆ ಕಾಗದವೇ ಒಡೆಯುವ ಮೊದಲು ಮನೆ ಹೇಗಿದ್ದಿತೆಂಬುದಕ್ಕೆ ಉಳಿದ ಸಾಕ್ಷಿ. ಅದರ ತಲೆಯಲ್ಲಿರುವುದು ಒಬ್ಬ ತಾಯಿಯ ಹೆಸರೇ ಹೊರತು ಯಜಮಾನನ ಹೆಸರಲ್ಲ ಎಂಬುದನ್ನು ಓದುಗರು ಲಕ್ಷಿಸಬೇಕು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಈ ಎಳೆಯನ್ನು ಬದಲಾಯಿಸಿತು. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬರ ಅವಿಭಕ್ತ ಹಕ್ಕು ಅವರ ಮರಣಾನಂತರ ಕುಟುಂಬಕ್ಕೆ ಹಿಂದಿರುಗದೆ ಅವರ ಹೆಂಡತಿ ಮಕ್ಕಳಿಗೆ ಇಳಿಯತೊಡಗಿತು. ಇದು ನ್ಯಾಯವೇ ಸರಿ. ಸೋದರಳಿಯಂದಿರ ಮರ್ಜಿಗೆ ಬಿದ್ದ ವಿಧವೆಯರ, ಮಕ್ಕಳ ಕಷ್ಟವನ್ನು ಬಲ್ಲವರು ಹಳೆಯ ಕಟ್ಟನ್ನು ಮರಳಿ ಬಯಸಲಾರರು. ಆಮೇಲೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಶಾಸನದಿಂದ ಗೇಣಿಯೇ ರದ್ದಾಗಿ ಭೂಮಿ ಉಳುವವರ ಪಾಲಾಯಿತು. ತಲೆತಲಾಂತರದಿಂದ ಕೆಸರಿನಲ್ಲಿ ದುಡಿದವರಿಗೆ ನೆಲ ದೊರೆತುದು ಧರ್ಮಸಮ್ಮತವೆಂದೇ ಹೇಳಬೇಕು. ಆದರೆ ಅದರ ಒಂದು ಫಲವನ್ನು ಆಗ ಯಾರೂ ಯೋಚಿಸಲಿಲ್ಲ. ಗೇಣಿ ಹೋದ ಮೇಲೆ ಗೇಣಿಯ ಪುಸ್ತಕ ಯಾರಿಗೆ ಬೇಕು? ಭೂನ್ಯಾಯಮಂಡಳಿಯ ವಿಚಾರಣೆ ಮುಗಿದೊಡನೆ ಎಷ್ಟೋ ಬೀಡುಗಳಲ್ಲಿ ಲೆಕ್ಕದ ಪುಸ್ತಕಗಳು ಗೆದ್ದಲಿಗೂ ಬಚ್ಚಲ ಒಲೆಗೂ ಆಹಾರವಾದುವು. ಯಜಮಾನರು ಮಂಗಳೂರು, ಬೆಂಗಳೂರು, ಮುಂಬಯಿಗಳಿಗೆ ಹೋದರು. ದೊಡ್ಡ ಬೀಡುಗಳನ್ನು ದುರಸ್ತಿ ಮಾಡಿಸುವ ತ್ರಾಣವಿಲ್ಲದೆ ಕಂಬ, ತೊಲೆ, ಬಾಗಿಲುವಾಡಗಳನ್ನು ಮಾರಿದುದೂ ಉಂಟು. ಕೆತ್ತನೆಯ ಕಂಬಕ್ಕೆ ಬೆಲೆ ಕಟ್ಟುವವರು ದೊರೆತರು. ಅಟ್ಟದ ಪೆಟ್ಟಿಗೆಗೆ ದೊರೆಯಲಿಲ್ಲ.

ಈಗ ಹೊಸದೊಂದು ತೊಡಕು ಹುಟ್ಟಿಕೊಂಡಿದೆ. ಇತ್ತೀಚೆಗೆ ಕುಟುಂಬ ಸಮ್ಮಿಲನಗಳಲ್ಲಿ ಅಚ್ಚು ಹಾಕಿಸಿ ಹಂಚುವ ವಂಶವೃಕ್ಷಗಳು ತಂದೆ, ಮಗ, ಮೊಮ್ಮಗ ಎಂಬ ಕ್ರಮದಲ್ಲಿವೆ. ಇಂದಿನ ಬಾಳಿಗೆ ಅದು ಸಹಜ. ಆದರೆ 1950ರ ಹಿಂದಿನ ತಲೆಮಾರುಗಳನ್ನೂ ಅದೇ ಅಚ್ಚಿನಲ್ಲಿ ಎರೆದಾಗ, ಮಾವನು ತಂದೆಯಾಗಿ, ಅಳಿಯನು ಮಗನಾಗಿ ಮಾರ್ಪಡುತ್ತಾರೆ. ನಡುವೆ ನಿಂತು ಇಬ್ಬರನ್ನೂ ಜೋಡಿಸಿದ ಹೆಣ್ಣುಮಗಳು, ಒಬ್ಬನ ಸೋದರಿಯೂ ಇನ್ನೊಬ್ಬನ ತಾಯಿಯೂ ಆದವಳು, ಪಟದಿಂದಲೇ ಕಾಣೆಯಾಗುತ್ತಾಳೆ. ಗುಮ್ಮಟಾಂಬೆಯ ಹೆಸರಿಲ್ಲದಿದ್ದರೆ ಇಮ್ಮಡಿ ಭೈರವನಿಗೆ ಕಾರ್ಕಳದ ಪಟ್ಟ ಹೇಗೆ ಬಂತೆಂಬುದೇ ತಿಳಿಯದು. ಅರಸನ ಶಾಸನಕಾರನು ಬರೆದುದನ್ನು ನಾವು ಅಳಿಸುತ್ತಿದ್ದೇವೆ. ಮನೆಯ ಹೆಸರನ್ನು ಬಿಟ್ಟು ಎಲ್ಲರೂ ‘ಜೈನ್’ ಎಂದಷ್ಟೇ ಬರೆದುಕೊಳ್ಳುವ ರೂಢಿಯಿಂದಲೂ ಇಂಥದೇ ನಷ್ಟವಾಗಿದೆ. ಧರ್ಮ ತಿಳಿಯುತ್ತದೆ, ಬೀಡು ತಿಳಿಯುವುದಿಲ್ಲ. ತಮ್ಮ ಬಳಿ ಯಾವುದೆಂದು ಕೇಳಿದರೆ ತಾಯಿಗೆ ದೂರವಾಣಿ ಮಾಡಿ ವಿಚಾರಿಸುವ ತರುಣರು ಇದ್ದಾರೆ. ತಾಯಿಗೆ ಗೊತ್ತಿರುವವರೆಗೆ ಚಿಂತೆಯಿಲ್ಲ.

ಬರಹದಲ್ಲಿಲ್ಲದ ಜ್ಞಾನವೂ ಬಹಳವಿದೆ. ಯಾವ ಮನೆಯಲ್ಲಿ ಮರಣವಾದರೆ ಯಾವ ಯಾವ ಮನೆಗಳಿಗೆ ಸೂತಕ ಸಲ್ಲುತ್ತದೆ, ಯಾವ ಎರಡು ಮನೆಗಳು ಒಂದೇ ಬಳಿಯವಾದುದರಿಂದ ಕೊಟ್ಟುತಂದು ಮಾಡುವಂತಿಲ್ಲ ಎಂಬುದನ್ನು ಹಿರಿಯ ಅಮ್ಮಂದಿರು ಬಾಯಲ್ಲಿಯೇ ಹೇಳಬಲ್ಲರು. ನೇಮದ ಕಾಲದಲ್ಲಿ ಮದಿಪು ಹೇಳುವಾಗ ಬೀಡುಗಳನ್ನು ಕರೆಯುವ ಕ್ರಮವೂ ಒಂದು ಬಗೆಯ ದಾಖಲೆಯೇ. ಯಾವ ಮನೆಗೆ ಮೊದಲು, ಯಾವ ಮನೆಗೆ ಆಮೇಲೆ ಎಂಬುದರಲ್ಲಿ ಶಾಖೆಗಳು ಕವಲೊಡೆದ ಕ್ರಮ ಹುದುಗಿರುವುದುಂಟು. ಆದರೆ ಕಾಲದ ಲೆಕ್ಕಕ್ಕೆ ಬಾಯಿಮಾತನ್ನು ನೆಚ್ಚಬಾರದು. ಐನೂರು ವರ್ಷವೆಂದವರ ಬೀಡಿಗೆ ಇನ್ನೂರು ವರ್ಷವಾಗಿರುವುದೂ, ಅಜ್ಜನ ಕಾಲದ್ದೆಂದವರ ಬಿಂಬಕ್ಕೆ ಐನೂರು ವರ್ಷವಾಗಿರುವುದೂ ಅಪರೂಪವಲ್ಲ.

ಕಡೆಯದಾಗಿ ಬಸದಿಯೊಳಗಿನ ಬರಹಗಳ ವಿಷಯ. ಇದನ್ನು ಜೀರ್ಣೋದ್ಧಾರ ಸಮಿತಿಗಳವರು ಅವಶ್ಯ ಗಮನಿಸಬೇಕೆಂದು ಬಿನ್ನಹ. ಅನಂತ ನೋಂಪಿ ಮೊದಲಾದ ವ್ರತಗಳ ಉದ್ಯಾಪನೆಗೆಂದು ಮಾಡಿಸಿಕೊಟ್ಟ ಲೋಹಬಿಂಬಗಳ ಪೀಠದ ಹಿಂಬದಿಯಲ್ಲಿ ದಾನಿಗಳ ಹೆಸರು ಕೊರೆದಿರುವುದುಂಟು. ಅವು ಬಹುಪಾಲು ಗೃಹಸ್ಥ ಸ್ತ್ರೀಪುರುಷರ ಹೆಸರುಗಳು, ಅರಸರವಲ್ಲ. ನಿತ್ಯ ಅಭಿಷೇಕದಿಂದಲೂ ಹುಣಿಸೆಹುಳಿ ಹಾಕಿ ತಿಕ್ಕುವುದರಿಂದಲೂ ಅಕ್ಷರಗಳು ಸವೆಯುತ್ತಿವೆ. ಇನ್ನು ಕಲ್ಲಿನವು: ಅಂಗಳದ ಮೂಲೆಯಲ್ಲಿ ಒರಗಿಸಿಟ್ಟ ನಿಷಿಧಿಕಲ್ಲು, ಮೆಟ್ಟಿಲಿಗೆ ಹಾಸಿದ ಶಾಸನದ ತುಂಡು, ಬಾಗಿಲವಾಡದ ಮೇಲಿನ ಒಂದೆರಡು ಸಾಲು. ಜೀರ್ಣೋದ್ಧಾರವೆಂದರೆ ಹಳೆಯದನ್ನು ತೆಗೆದು ನುಣುಪಾದ ಶಿಲೆ ಹಾಸುವುದೆಂಬ ಭಾವನೆ ಹಲವೆಡೆ ಬಲವಾಗಿದೆ. ಬರಹವಿದ್ದ ಕಲ್ಲು ಹೊಸ ನೆಲಗಟ್ಟಿನ ಅಡಿಗೆ ಹೋದುದನ್ನೂ, ಶಾಸನದ ಮೇಲೆ ಎಣ್ಣೆಬಣ್ಣ ಬಳಿದುದನ್ನೂ ಈ ಲೇಖಕನು ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ ಕಂಡಿದ್ದಾನೆ. ಕೆಲಸ ಆರಂಭಿಸುವ ಮೊದಲೇ ಬಸದಿಯ ಪ್ರತಿಯೊಂದು ಬಿಂಬದ ಪೀಠವನ್ನೂ ಪ್ರತಿಯೊಂದು ಕಲ್ಲನ್ನೂ ಛಾಯಾಚಿತ್ರ ತೆಗೆಯಿಸಿ, ಸಾಧ್ಯವಾದೆಡೆ ಅಚ್ಚೊತ್ತಿ ತೆಗೆದು, ಮೂಡಬಿದಿರೆಯ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನಕ್ಕಾಗಲಿ ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನಕ್ಕಾಗಲಿ ಒಂದೊಂದು ಪ್ರತಿಯನ್ನು ಕಳುಹಿಸಿಕೊಟ್ಟರೆ ಖರ್ಚು ಹೆಚ್ಚಾಗದು. ಒಂದು ದಿನದ ಅನ್ನಸಂತರ್ಪಣೆಯ ವೆಚ್ಚಕ್ಕಿಂತ ಅದು ಎಷ್ಟೋ ಕಡಿಮೆ.

ಈ ಮಹೋತ್ಸವದ ಸೇವಾಕರ್ತರ ಹೆಸರುಗಳನ್ನು ಕೆತ್ತಿಸುವ ಹೊಸ ಫಲಕದಲ್ಲಿ ಊರಿನ ಹೆಸರು, ಬೀಡಿನ ಹೆಸರು, ಬಳಿ ಮತ್ತು ತಾಯಿಯ ಹೆಸರನ್ನು ಕೂಡ ಸೇರಿಸಬಹುದು. ವೇಣೂರಿನ ಶಾಸನದಲ್ಲಿ ತಿಮ್ಮರಾಜನು ಮಾಡಿದುದೂ ಅದನ್ನೇ.